ಎರಡು ಸಲ ಕರೆದವನು

ದೆವ್ವದ ಕತೆ ಹೇಳುವವರಲ್ಲಿ ಮುಕ್ಕಾಲು ಮಂದಿ ಸುಳ್ಳರು. ಹುಣಸೆ ಗಿಡಕ್ಕೆ ಬಿಳಿ ಸೀರೆ ಉಡಿಸುತ್ತಾರೆ, ಪಾದ ಹಿಂದುಮುಂದು ಮಾಡುತ್ತಾರೆ, ಕೇಳುವವರು ಹೆದರಿದರೆ ತಾವೇ ಖುಷಿಪಡುತ್ತಾರೆ. ಇದು ಅಂಥದ್ದಲ್ಲ. ಇದರಲ್ಲಿ ಹೆದರುವಂಥದ್ದು ಹೆಚ್ಚೇನೂ ಇಲ್ಲ... ಇದ್ದರೂ ಅದು ಬೇರೆ ನಮೂನೆಯ ಹೆದರಿಕೆ. ನಮ್ಮ ಅವ್ವನ ಖಾಸಾ ತಂಗಿ, ನಮ್ಮ ಚಿಕ್ಕವ್ವ ಸೀತವ್ವನಿಗೆ ಆದದ್ದು ಇದು. ಅಥಣಿ ತಾಲೂಕು, ಸತ್ತಿ ಊರು, ಕೃಷ್ಣೆಯ ದಂಡೆ. ದೀಪ ಸಣ್ಣದು ಮಾಡಿ ಕೇಳಿ. ನಡುವೆ ಯಾರೂ ಬಾಯಿ ಹಾಕಬೇಡಿ.

ಎಂಬತ್ಮೂರನೇ ಇಸವಿ. ಕಬ್ಬಿನ ಹಂಗಾಮು ಆಗಷ್ಟೇ ಸುರುವಾಗಿತ್ತು. ಸೀತವ್ವ ಮತ್ತು ಆಕೆಯ ಅತ್ತೆ ಕೆಂಚವ್ವ ಬೆಲ್ಲದ ಗಾಣದಲ್ಲಿ ದುಡಿದು ಮನೆಗೆ ಹೊರಟಿದ್ದರು. ಅವತ್ತು ಕೊನೆಯ ಪಾಕ ಇಳಿಸುವುದು ತಡವಾಗಿ ರಾತ್ರಿ ಒಂಬತ್ತು ದಾಟಿತ್ತು. ಅಮಾವಾಸ್ಯೆ ಮುಗಿದು ಎರಡು ದಿನ. ಕೈಯಲ್ಲಿ ಒಂದು ಕಂದೀಲು. ಎರಡೂ ಕಡೆ ಆಳೆತ್ತರದ ಕಬ್ಬು. ಇರುವ ಒಂದೇ ದಾರಿ ಹಳೆಯ ಕಲ್ಲುಬಾವಿಯ ಪಕ್ಕದಲ್ಲೇ ಹಾದುಹೋಗುತ್ತದೆ. ಆ ಬಾವಿ ತೋಡಿದವನು ಕೆಂಚವ್ವನ ಮಾವ, ಅದಕ್ಕೆ ಕಲ್ಲು ಕಟ್ಟಿದವನು ಆಕೆಯ ಗಂಡ, ಹೂಳು ತೆಗೆದವನು ಆಕೆಯ ಒಬ್ಬನೇ ಮಗ ಮುರಗೆಪ್ಪ. ಮುರಗೆಪ್ಪನೇ ಸೀತವ್ವನ ಗಂಡ. ಅವನು ಆಗ ಊರಲ್ಲಿ ಇರಲಿಲ್ಲ. ರೈಲಿನಲ್ಲಿ ಮೂರು ದಿನದ ದಾರಿ, ಕಲ್ಕತ್ತಾದಲ್ಲಿ ಇದ್ದ.

ಬಾವಿ ಹತ್ತಿರ ಬಂತು. ಅಲ್ಲಿಯ ತನಕ ವಟಗುಟ್ಟುತ್ತಿದ್ದ ಕಪ್ಪೆಗಳು... ಒಮ್ಮೆಲೇ ನಿಂತವು.

ಒಳಗಿನಿಂದ ಸಪ್ಪಳ ಬಂತು. ಟಣ್... ಟಣ್... ಹಾರೆ ಕಲ್ಲಿಗೆ ಬಡಿದರೆ ಬರುವ ಸಪ್ಪಳ. ಬಾವಿಯಲ್ಲಿ ಎರಡಾಳು ನೀರಿತ್ತು. ನೀರೊಳಗೆ ಹಾರೆ ಹಾಗೆ ನುಡಿಯುವುದಿಲ್ಲ.

ಆಮೇಲೆ ದನಿ.

"ಸೀತೂ..."

ಸೀತವ್ವನ ಕಾಲು ನೆಲಕ್ಕೆ ಅಂಟಿತು. ಜಗತ್ತಿನಲ್ಲಿ ಆಕೆಯನ್ನು ಸೀತೂ ಅನ್ನುತ್ತಿದ್ದವನು ಒಬ್ಬನೇ. ಬಾಯಿ ತಾನಾಗಿ ತೆರೆಯಿತು. ಅಷ್ಟರಲ್ಲಿ ಕೆಂಚವ್ವ ಆಕೆಯ ಮಣಿಕಟ್ಟು ಹಿಡಿದಳು. ಬಳೆ ಒತ್ತಿ ನೋಯುವ ಹಾಗೆ ಹಿಡಿದಳು.

"ಓ ಅನಬ್ಯಾಡ," ಅತ್ತೆ ಪಿಸುಗುಟ್ಟಿದಳು.

"ಅತ್ತೀ... ಅವರ ದನಿ ಐತಿ."

"ಅಂವ ಇಲ್ಲೆಲ್ಲಿ ಬರ್ತಾನ? ಸುಮ್ನ ನಿಂದರು. ಮನಶ್ಯಾ ಆದ್ರ ಮೂರ ಸಲ ಕರೀತಾನ."

ರಾತ್ರಿ ಯಾರಾದರೂ ಹೆಸರು ಹಿಡಿದು ಕರೆದರೆ ಮೂರನೇ ಸಲ ಕರೆಯುವ ತನಕ ಓ ಅನ್ನಬಾರದು. ನಮ್ಮ ಕಡೆ ಕೂಸಿಗೂ ಗೊತ್ತಿರುವ ಮಾತು ಇದು. ದೆವ್ವಕ್ಕೆ ಮೂರನೇ ಸಲ ಕರೆಯುವ ಶಕ್ತಿ ಇಲ್ಲವಂತೆ. ಅತ್ತೆ ಸೊಸೆ ಉಸಿರು ಬಿಗಿಹಿಡಿದು ನಿಂತರು.

"ಸೀತೂ..."

ಎರಡನೆಯದು. ಮೊದಲಿನದಕ್ಕಿಂತ ಸಣ್ಣ ದನಿ. ಕರೆದು ಸುಮ್ಮನಾಯಿತು... ಯಾರೋ ಕೆಳಗಿನಿಂದ ಮುಖ ಮೇಲೆತ್ತಿ ಕಾಯುತ್ತಿರುವ ಹಾಗೆ ಸುಮ್ಮನಾಯಿತು. ಇಬ್ಬರೂ ಮೂರನೆಯದಕ್ಕೆ ಕಾದರು. ಕಂದೀಲಿನ ಬತ್ತಿ ಚಟ್ ಎಂದಿತು. ಮೂರನೆಯದು ಬರಲಿಲ್ಲ.

ಕಪ್ಪೆಗಳು ಮತ್ತೆ ಸುರು ಮಾಡಿದವು. ಕೆಂಚವ್ವ ಸೊಸೆಯನ್ನು ಎಳೆದುಕೊಂಡೇ ಮನೆ ಮುಟ್ಟಿದಳು, ಹೊಸ್ತಿಲ ಮೇಲೆ ಬೂದಿ ಹಾಕಿದಳು, ಬಾಗಿಲು ಜಡಿದಳು. ಸೀತವ್ವ ಆ ರಾತ್ರಿ ಉಣ್ಣಲಿಲ್ಲ. ಹೆದರಿಕೆಯಿಂದಲ್ಲ. ನಾಲಿಗೆಯ ತುದಿಗೆ ಬಂದ ಓ ಒಂದು ಅಲ್ಲೇ ಉಳಿದಿತ್ತು, ಅದನ್ನು ನುಂಗಲೂ ಆಗಲಿಲ್ಲ.

ಈಗ ಮುರಗೆಪ್ಪನ ಕೆಲಸದ ಬಗ್ಗೆ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ನಿಮಗೆ ಇದು ತಿಳಿಯುವುದಿಲ್ಲ. ಅವರಿಗೆ ಎರಡು ಎಕರೆ ಹೊಲವೂ ಇತ್ತು, ಆದರೆ ಊರು ಅವರನ್ನು ಗುರುತಿಸುತ್ತಿದ್ದುದು ಬಾವಿಯಿಂದಲೇ. ಕಾಗವಾಡ, ರಾಯಬಾಗದ ತನಕ ಅವರ ಮನೆತನ ತೋಡಿದ ಬಾವಿಗಳಿವೆ. ಬಾವಿಗೆ ಇಳಿದವನಿಗೆ ಮೇಲಿನದು ಕಾಣುವುದಿಲ್ಲ. ಮೇಲೆ ಹಗ್ಗ ಹಿಡಿದವನಿಗೆ ಕೆಳಗಿನದು ಕಾಣುವುದಿಲ್ಲ. ನಡುವೆ ಇರುವುದು ದನಿ ಒಂದೇ. ಅದಕ್ಕೇ ಒಂದು ಕಟ್ಟಳೆ ಮಾಡಿಕೊಂಡಿದ್ದಾರೆ. ಮೇಲೆ ಬರಬೇಕಾದವನು ಹಗ್ಗದವನ ಹೆಸರು ಹಿಡಿದು ಕರೆಯುತ್ತಾನೆ. ಹಗ್ಗದವನು ಓ ಅನ್ನಬೇಕು. ಓ ಬಂದ ಮೇಲೆಯೇ ಕೆಳಗಿನವನು ಹಗ್ಗಕ್ಕೆ ಜೀವ ಒಪ್ಪಿಸುತ್ತಾನೆ. ಓ ಬರಲಿಲ್ಲವೆಂದರೆ ಇನ್ನೊಮ್ಮೆ ಕರೆಯುತ್ತಾನೆ. ಅಷ್ಟೇ. ಮೂರನೇ ಸಲ ಕರೆಯುವುದಿಲ್ಲ. ಬಾವಿ ಯಾರನ್ನಾದರೂ ನುಂಗಿದರೆ, ಹೆಣ ಎತ್ತುವ ಮೊದಲು ಹಿರಿಯರು ದಡದಲ್ಲಿ ನಿಂತು ಸತ್ತವನ ಹೆಸರನ್ನು ಮೂರು ಸಲ ಕರೆಯುತ್ತಾರೆ. ಹೀಗಾಗಿ ಮೂರನೇ ಕರೆ ಸತ್ತವರದು. ಜೀವ ಇದ್ದವರು ಎರಡು ಸಲ ಕರೆದು ಕಾಯುತ್ತಾರೆ, ಎಷ್ಟು ಹೊತ್ತಾದರೂ ಕಾಯುತ್ತಾರೆ.

ಸೀತವ್ವನಿಗೆ ಇದು ಗೊತ್ತಿರಲಿಲ್ಲವೆಂದು ತಿಳಿಯಬೇಡಿ. ಮದುವೆಯಾದ ವರ್ಷ ಬೇಸಿಗೆಯಲ್ಲಿ ಮುರಗೆಪ್ಪನ ಚಿಕ್ಕಪ್ಪನ ಮಗ ಜಕ್ಕಪ್ಪ, ಅತ್ತಿಗೆಯಾದ ಈಕೆಯನ್ನು ವೈನಿ ಎಂದು ಕರೆಯುವವನು, ಕೈ ಮುರಿದುಕೊಂಡು ಕುಳಿತ. ಹಗ್ಗ ಹಿಡಿಯಲು ಆಳಿಲ್ಲ. ಹೊಸ ಮದುಮಗಳು ಸೆರಗು ಬಿಗಿದು ಹಗ್ಗ ಹಿಡಿದಳು. ಊರವರು ನಕ್ಕರು. ಹೆಣ್ಣಿನ ಕೈಗೆ ಕುತ್ತಿಗೆ ಕೊಟ್ಟಾನ ಅಂದರು. ಮುರಗೆಪ್ಪ ಕೆಳಗಿನಿಂದ ಸೀತೂ ಅನ್ನುತ್ತಿದ್ದ, ಈಕೆ ಓ ಅನ್ನುತ್ತಿದ್ದಳು. ಇಡೀ ಬೇಸಿಗೆ ಹೀಗೆ ಕಳೆಯಿತು. ಅವರ ಸಂಸಾರದ ಚೆಂದದ ದಿನಗಳು ಅವೇ ಎಂದು ಚಿಕ್ಕವ್ವ ನಮಗೆ ಹೇಳುತ್ತಿದ್ದಳು. ಒಂದು ಸಲವೂ ಆತನಿಗೆ ಎರಡನೇ ಸಲ ಕರೆಯಬೇಕಾಗಿ ಬಂದಿರಲಿಲ್ಲ.

ಆಮೇಲೆ ಬೋರ್ವೆಲ್ಲಿನ ಗಾಡಿಗಳು ಬಂದವು. ಬಾವಿ ತೋಡಿಸುವವರು ಕಡಿಮೆಯಾದರು. ಅದೇ ಹೊತ್ತಿಗೆ ಮಿರಜಿನ ಕಡೆಯ ಒಬ್ಬ ಗುತ್ತಿಗೆದಾರ, ನೆಲ ಅಗೆಯಲು ಗಟ್ಟಿ ಆಳು ಬೇಕೆಂದು ಎಂಟು ಜನರನ್ನು ಕಲ್ಕತ್ತಾಕ್ಕೆ ಕರೆದುಕೊಂಡು ಹೋದ. ಮುರಗೆಪ್ಪ, ಜಕ್ಕಪ್ಪ ಇಬ್ಬರೂ ಹೋದರು. ಅಲ್ಲಿ ಊರ ಕೆಳಗೆ ರೈಲು ಓಡಿಸಲು ನೆಲ ತೋಡುತ್ತಿದ್ದರು. ಇವರ ಪಾಲಿಗೆ ಬಂದದ್ದು ಒಂದು ಸ್ಟೇಶನ್ನು.

ಎಂಬತ್ಮೂರರ ಬೇಸಿಗೆಯಲ್ಲಿ ಮುರಗೆಪ್ಪ ಒಂದು ತಿಂಗಳು ರಜೆಗೆ ಬಂದ. ರಾತ್ರಿ ಮಾಳಿಗೆಯ ಮೇಲೆ ಮಲಗಿ ಹೆಂಡತಿಗೆ ಅದನ್ನೇ ಹೇಳಿದ.

"ಎಷ್ಟ ದೊಡ್ಡ ಬಾವಿರಿ ಅದು?" ಆಕೆ ಕೇಳಿದಳು.

"ನಮ್ಮ ಗುಡಿ, ಗುಡಿ ಮುಂದಿನ ಪ್ಯಾಟಿ, ಎಲ್ಲಾ ಅದರಾಗ ಕುಂದರತಾವ."

"ನೀರ ಎಷ್ಟ ಅದಾವ?"

"ಒಂದ ಹನಿ ಬರಬಾರ್ದು. ಬಂದ್ರ ಪಂಪ್ ಹಚ್ಚಿ ತಗೀತಾರ."

"ನೀರ ಬ್ಯಾಡಾದ್ರ ಬಾವಿ ಯಾಕ ತೋಡಬೇಕ್ರಿ?"

"ರೈಲ ನಿಂದರಸಾಕ."

ಸೀತವ್ವ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಕೆಳಗೆ ಅತ್ತೆ ಮಲಗಿದ್ದಳು. ಮುರಗೆಪ್ಪನೂ ನಕ್ಕ. "ಮುಗೀಲಿ, ನಿನ್ನ ಕರಕೊಂಡ ಹೋಗಿ ತೋರಸ್ತೀನಿ," ಅಂದ. "ನಾ ತೋಡಿದ್ದರಾಗ ನೀ ಇಳದ ನೋಡಿದಿ ಅನ್ನೂದ ಒಂದ ಬಾವಿ ಇರಲಿ." ಆಕೆ ಹೂಂ ಅಂದಳು. ಮುಂಗಾರಿಗೆ ಮೊದಲೇ ಆತ ಹೊರಟುಹೋದ.

ಕಲ್ಲುಬಾವಿಯಲ್ಲಿ ದನಿ ಕೇಳಿದ ಒಂಬತ್ತನೇ ದಿನ ಜಕ್ಕಪ್ಪ ಊರಿಗೆ ಬಂದ. ಒಬ್ಬನೇ ಬಂದ. ತಲೆಯ ಮೇಲೆ ಎರಡು ಟ್ರಂಕು. ಒಂದು ಅವನದು. ಇನ್ನೊಂದನ್ನು ನೋಡಿದ ಕೂಡಲೇ ಸೀತವ್ವ ಅಂಗಳದಲ್ಲಿ ಕುಳಿತಳು. ಟ್ರಂಕಿನ ಮೇಲೆ ಮುರಗೆಪ್ಪನ ಹೆಸರನ್ನು ಬಿಳಿ ಬಣ್ಣದಲ್ಲಿ ಬರೆದಿತ್ತು.

ಜ್ವರ ಬಂದಿತ್ತಂತೆ. ನಾಲ್ಕು ದಿನ ಇಳಿಯಲಿಲ್ಲ. ಮದ್ದು ಕೊಡಿಸಿದ್ದರು, ಚಾಪೆಯ ಮೇಲೆ ಮಲಗಿಸಿದ್ದರು. ಐದನೇ ರಾತ್ರಿ ಎಲ್ಲರೂ ನಿದ್ದೆ ಹೋದಾಗ ಆತ ಎದ್ದು ಹೊರಗೆ ಹೋಗಿದ್ದ. ಸ್ಟೇಶನ್ನಿಗೆಂದು ತೋಡಿದ ಗುಂಡಿಗೆ ತಾನೇ ಮೆಟ್ಟಿಲು ಹಿಡಿದು ಇಳಿದಿದ್ದ. ಜಕ್ಕಪ್ಪನಿಗೆ ದನಿ ಕೇಳಿ ಎಚ್ಚರವಾಯಿತು. ದಡಕ್ಕೆ ಓಡಿ ನೋಡಿದರೆ, ಕೆಳಗೆ ದೀಪದ ಬೆಳಕಿನಲ್ಲಿ, ತೆಂಕಣ ತುದಿಯ ಗೋಡೆಗೆ ಒಂದು ಕೈ ಹಚ್ಚಿ ಮುರಗೆಪ್ಪ ನಿಂತಿದ್ದ. ಮುಖ ಮೇಲೆತ್ತಿದ್ದ.

"ಏನಂತ ಕರದ್ರು?" ಸೀತವ್ವ ಕೇಳಿದಳು.

"ನಿನ್ನ ಹೆಸರ, ವೈನಿ. ಸೀತೂ ಅಂದ."

"ಎಷ್ಟ ಸಲ?"

"ಎರಡ ಸಲ."

"ಮೂರನೇ ಸಲ ಕರೀಲಿಲ್ಲೇನು?"

ಜಕ್ಕಪ್ಪ ಆಕೆಯನ್ನೇ ನೋಡಿದ. "ಬಾವ್ಯಾಗ ಇದ್ದಾಂವ ಮೂರನೇ ಸಲ ಹ್ಯಾಂಗ ಕರೀತಾನ, ವೈನಿ? ಎರಡ ಸಲ ಕರದು ದಾರಿ ನೋಡಕೋತ ನಿಂತ. ನಾ ಮ್ಯಾಲಿಂದ ಓ ಅಂದ್ನಿ. ಎಷ್ಟ ಸಲ ಅಂದ್ನಿ. ಅಂವಗ ನನ್ನ ಓ ಬೇಕಾಗಿದ್ದಿಲ್ಲ. ಇಳದ ಹೋಗೂದರಾಗ ಗ್ವಾಡಿಗೆ ಆನಿಕೊಂಡ ಕುಂತಿದ್ದ... ಜೀವ ಇದ್ದಿಲ್ಲ."

"ಯಾವತ್ತ ರಾತ್ರಿ?"

"ಅಮಾಸಿ ಆಗಿ ಎರಡ ದಿನಕ್ಕ. ಒಂಬತ್ತರ ಮ್ಯಾಲ ಆಗಿತ್ತು."

ಬಾಗಿಲಲ್ಲಿ ಕೆಂಚವ್ವ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಳು. ಮಗ ಹೋದನೆಂದು ಎದೆ ಬಡಿದುಕೊಳ್ಳಬೇಕಾದವಳು ತನ್ನ ಬಲಗೈಯನ್ನೇ ನೋಡುತ್ತ ನಿಂತಳು. ಸೊಸೆಯ ಮಣಿಕಟ್ಟು ಹಿಡಿದ ಕೈ ಅದು. ಬಾವಿಯವನ ಹೆಂಡತಿ, ಬಾವಿಯವನ ತಾಯಿ. ಎರಡು ಸಲದ ಕಟ್ಟಳೆಯನ್ನು ಊರಿಗೆ ಹೇಳಿಕೊಡಬೇಕಾದವಳು, ಆ ರಾತ್ರಿ ಊರವರ ಮೂರರ ಮಾತು ಹಿಡಿದು ಕಾದಿದ್ದಳು. ಸೀತವ್ವ ಅತ್ತೆಗೆ ಒಂದು ಮಾತೂ ಅನ್ನಲಿಲ್ಲ. ತನಗೂ ಗೊತ್ತಿತ್ತಲ್ಲ. ಒಂದಿಡೀ ಬೇಸಿಗೆ ಹಗ್ಗ ಹಿಡಿದವಳು ತಾನು.

ನಮ್ಮಲ್ಲಿ ಹೂಳುತ್ತಾರೆ. ಅವನನ್ನು ಅಲ್ಲೇ ಹೊಳೆಯ ದಂಡೆಯಲ್ಲಿ ಸುಟ್ಟು ಬಂದಿದ್ದರು. ಅಳಲು ಒಂದು ಗದ್ದುಗೆಯೂ ಇಲ್ಲದಂತಾಯಿತು.

ಅಂದಿನಿಂದ ಸೀತವ್ವ ರಾತ್ರಿ ಊಟವಾದ ಮೇಲೆ ಕಲ್ಲುಬಾವಿಗೆ ಹೋಗಿ ಕುಳಿತುಕೊಳ್ಳತೊಡಗಿದಳು. ಕರೆಯಲಿ, ಈ ಸಲ ಮೊದಲನೆಯದಕ್ಕೇ ಓ ಅನ್ನುತ್ತೇನೆ ಎಂದು. ಕಪ್ಪೆ ವಟಗುಟ್ಟುತ್ತಿದ್ದವು. ದೂರದಲ್ಲಿ ಯಾರದೋ ಇಂಜಿನ್ನು ಡುಗ್ ಡುಗ್ ಅನ್ನುತ್ತಿತ್ತು. ಮೀನು ಪುಳಕ್ ಎಂದು ಮಗುಚುತ್ತಿತ್ತು. ಕರೆ ಮಾತ್ರ ಬರಲಿಲ್ಲ. ಊರವರು ಆಕೆಗೆ ತಲೆ ಕೆಟ್ಟಿದೆ ಅಂದರು. ನಮ್ಮ ಅವ್ವ ಹೋಗಿ ಬೈದು ಬಂದಳು. ಕೆಂಚವ್ವ ಮಾತ್ರ ತಡೆಯಲಿಲ್ಲ. ಸೊಸೆ ಬರುವ ತನಕ ಬಾಗಿಲು ತೆರೆದಿಟ್ಟುಕೊಂಡು ಕುಳಿತಿರುತ್ತಿದ್ದಳು. ಹೀಗೆ ನಾಲ್ಕು ವರ್ಷ. ಒಂದು ದಿನವೂ ಏನೂ ಕೇಳಲಿಲ್ಲ.

"ಅಂವ ಈ ಬಾವ್ಯಾಗ ಇಲ್ಲ, ವೈನಿ," ಜಕ್ಕಪ್ಪ ಒಂದು ದಿನ ಹೇಳಿಬಿಟ್ಟ. "ಅವತ್ತ ಹ್ಯಾಂಗೋ ದನಿ ಇಲ್ಲೀತನಕ ಮುಟ್ಟಿತ್ತು. ಅಂವ ಅಲ್ಲೇ ನಿಂತಾನ. ನಿನ್ನ ಓ ಬರೂತನಕ ಹ್ಯಾಂಗ ಮ್ಯಾಲ ಬರ್ತಾನ?"

ಕಲ್ಕತ್ತಾ ಎಲ್ಲಿ, ಸತ್ತಿ ಎಲ್ಲಿ. ಚಿಕ್ಕೋಡಿ ಸಂತೆ ದಾಟಿ ಹೋಗದ ಹೆಂಗಸು ಆಕೆ. ಆದರೆ ಎಂಬತ್ತೇಳರ ಚಳಿಗಾಲದಲ್ಲಿ ದಾರಿ ತಾನಾಗಿ ಸಿಕ್ಕಿತು. ಸತ್ತಿಯಲ್ಲಿ ಅಥಣಿಯ ಜೈನರಾದ ತವನಪ್ಪನವರ ದ್ರಾಕ್ಷಿ ತೋಟ ಇದೆ. ಸೀತವ್ವ ಅಲ್ಲಿ ಬಳ್ಳಿ ಕಟ್ಟುವ ಕೆಲಸಕ್ಕೆ ಹೋಗುತ್ತಿದ್ದಳು. ತವನಪ್ಪನವರ ಹೆಂಡತಿ ಕಮಲಾಬಾಯಿ ಸಮ್ಮೇದ ಶಿಖರಜಿಯ ಯಾತ್ರೆಗೆ ಹೊರಟಿದ್ದಳು. ಮೊಣಕಾಲು ನೋವಿನ ಹೆಂಗಸು, ಜೊತೆಗೆ ಒಬ್ಬರು ಬೇಕಿತ್ತು. ಶಿಖರಜಿ ಮುಗಿಸಿ ಕಲ್ಕತ್ತಾದ ಬಸದಿ ನೋಡಿ ಬರುವುದು ಎಂದು ಕೇಳಿದ ಕೂಡಲೇ ಸೀತವ್ವ ಆಕೆಯ ಕಾಲು ಹಿಡಿದಳು.

"ನಾ ಬರ್ತೀನ್ರಿ ಅಕ್ಕಾರ. ಗುಡ್ಡ ಏರೂವಾಗ ನಿಮ್ಮನ್ನ ಹೊತಗೊಂಡ ಹೋಗಂದ್ರ ಹೊರತೀನಿ."

"ನನ್ನ ಹೊರಾಕ ಎರಡ ಎತ್ತ ಬೇಕಾಗ್ತಾವ," ಅಂದಳು ಕಮಲಾಬಾಯಿ. ಗಡಸು ಬಾಯಿಯ ಹೆಂಗಸು, ಆದರೆ ಸೀತವ್ವನ ಮುಖ ನೋಡಿ ಕೂತು ಎಲ್ಲ ಕೇಳಿದಳು. ಕೇಳಿ, ಬರಲು ಹೇಳಿದಳು. ಜಕ್ಕಪ್ಪ ಸ್ಟೇಶನ್ನಿನ ಹೆಸರನ್ನು ಚೀಟಿಯಲ್ಲಿ ಬರೆದುಕೊಟ್ಟ. "ಕೆಲಸ ಮುಗದ ರೈಲ ಓಡಾಕತ್ತಾವಂತ, ವೈನಿ. ನಾವ ಅಗದಿದ್ದ ಮಣ್ಣ ಒಂದೂ ಕಾಣೂದಿಲ್ಲ. ತೆಂಕಣ ತುದಿಗೆ ಹೋಗಿ ನಿಂದರು," ಅಂದ.

ಚಿಕ್ಕವ್ವ ನಮಗೆ ಆ ಸ್ಟೇಶನ್ನಿನ ಮಾತು ಹೇಳುವಾಗಲೆಲ್ಲ ಮೊದಲು ಹೇಳುತ್ತಿದ್ದುದು ಅದರ ನೆಲದ ಬಗ್ಗೆ. ಮುಖ ಕಾಣುವಷ್ಟು ನುಣುಪು. ಮೆಟ್ಟಿಲು ಇಳಿದಂತೆ ಹೊರಗಿನ ಗದ್ದಲ ಹಿಂದೆ ಬಿತ್ತು. ಬಾವಿಯಲ್ಲಿ ಇರುವಂಥದ್ದೇ ತಂಪು. ಆದರೆ ಬಾವಿಯ ವಾಸನೆ ಇಲ್ಲ, ಫಿನಾಯಿಲಿನ ವಾಸನೆ. ಗೋಡೆಯ ಮೇಲೆ ಟೀವಿ ಹಾಡುತ್ತಿತ್ತು. ಜನ ನಿಂತು ಪೇಪರು ಓದುತ್ತಿದ್ದರು. ತನ್ನ ಗಂಡ ಬುಟ್ಟಿ ಬುಟ್ಟಿ ಮಣ್ಣು ಹೊತ್ತು, ಕಡೆಗೆ ಜೀವ ಬಿಟ್ಟ ಜಾಗ ಇದು ಎಂದು ಆಕೆಗೆ ಎಷ್ಟು ಹೇಳಿಕೊಂಡರೂ ನಂಬಿಕೆ ಬರಲಿಲ್ಲ. ಇಷ್ಟು ಸ್ವಚ್ಛ ಮಾಡಿದರೆ ಸತ್ತವರು ಎಲ್ಲಿ ನಿಲ್ಲಬೇಕು ಎಂದು ಆಕೆಗೆ ಸಿಟ್ಟು ಬಂತು, ಆಮೇಲೆ ಅಳು ಬಂತು.

ಸೀತವ್ವ, ಕಮಲಾಬಾಯಿ ಇಬ್ಬರೂ ತೆಂಕಣ ತುದಿಗೆ ಹೋದರು. ಅಲ್ಲಿ ಪ್ಲಾಟ್‌ಫಾರ್ಮು ಮುಗಿದು ಕತ್ತಲ ಸುರಂಗ ಸುರುವಾಗುತ್ತಿತ್ತು. ಸೀತವ್ವ ಗೋಡೆಗೆ ಕಿವಿ ಹಚ್ಚಿ ನಿಂತಳು. ಮೊದಲು ಸುರಂಗದಿಂದ ಗಾಳಿ ಬರುತ್ತಿತ್ತು, ಹೂಂ... ಎಂದು. ಆಮೇಲೆ ಹಳಿ ಚಿರ್ರ್ ಅನ್ನುತ್ತಿತ್ತು. ರೈಲು ಬಂದು ನಿಂತು ಬಾಗಿಲು ಠಪ್ ಎಂದು ಮುಚ್ಚಿ ಹೋಗುತ್ತಿತ್ತು. ಮತ್ತೆ ಮೌನ. ಒಂದು ರೈಲು, ಎರಡು, ಹತ್ತು.

ಕಮಲಾಬಾಯಿ ಕಲ್ಲುಬೆಂಚಿನ ಮೇಲೆ ರೊಟ್ಟಿಯ ಗಂಟು ಬಿಚ್ಚಿದಳು. ಸೂರ್ಯ ಮುಳುಗಿದ ಮೇಲೆ ತುತ್ತು ಮುಟ್ಟುವವಳಲ್ಲ ಆಕೆ. ನೆಲದೊಳಗೆ ಸೂರ್ಯ ಇದ್ದಾನೋ ಇಲ್ಲವೋ ಹೇಗೆ ತಿಳಿಯಬೇಕು. ಪಕ್ಕದವನ ಗಡಿಯಾರ ಕೇಳಿದಳು. ಐದೂವರೆ ದಾಟಿತ್ತು, ಆ ಕಡೆ ಹೊತ್ತು ಬೇಗ ಮುಳುಗುತ್ತದೆ. ಗಂಟನ್ನು ಮತ್ತೆ ಕಟ್ಟಿದಳು. ಆಮೇಲೆ ನೀರನ್ನೂ ಮುಟ್ಟಲಿಲ್ಲ.

ಏಳು ಗಂಟೆಯಾಯಿತು. ಎಂಟಾಗುತ್ತ ಬಂತು. ಖಾಕಿ ಬಟ್ಟೆಯವನೊಬ್ಬ ಬಂದು, ಇಷ್ಟು ಹೊತ್ತು ಇಲ್ಲಿ ಕೂಡಬಾರದು, ಗಾಡಿ ಹತ್ತಿ ಎಂದು ಹಿಂದಿಯಲ್ಲಿ ಹೇಳಿದ.

"ಹಮಾರಾ ಆದ್ಮಿ ಆನೇಕಾ ಹೈ," ನಮ್ಮವರೊಬ್ಬರು ಬರುವುದಿದೆ, ಅಂದಳು ಕಮಲಾಬಾಯಿ. ಎಷ್ಟು ಬಿರುಸಾಗಿ ಹೇಳಿದಳೆಂದರೆ ಅವನು ಬಂದ ದಾರಿ ಹಿಡಿದ.

ಆಮೇಲೆ ಸೀತವ್ವನ ಹತ್ತಿರ ಬಂದು ಸಣ್ಣ ದನಿಯಲ್ಲಿ ಕೇಳಿದಳು.

"ಏನ ಬರ್ಲಿ ಅಂತ ಕಾಯಾಕತ್ತಿ?"

"ಅವರ ಕರೀಬೇಕ್ರಿ ಅಕ್ಕಾರ. ಕರದ್ರ ಓ ಅಂತೀನಿ."

"ಹುಚ್ಚಿ... ಅಂವ ಕರದ ನಾಕ ವರ್ಷ ಆತು. ಎರಡೂ ಸಲ ಮುಗದಾವಂತ ನೀನ ಹೇಳಿದಿ. ಮತ್ತ ಕರದ್ರ ಮೂರನೇದ ಆಗ್ತೈತಿ. ಅದನ್ನ ಅಂವ ಕರೀತಾನೇನು?"

ಸೀತವ್ವ ಗೋಡೆಯಿಂದ ಕಿವಿ ತೆಗೆದಳು. ನಾಲ್ಕು ವರ್ಷ ಬಾವಿಯ ದಡದಲ್ಲಿ ಕುಳಿತಾಗಲೂ ಹೊಳೆಯದ್ದು ಈಗ ಹೊಳೆಯಿತು. ಆತ ಕರೆಯುವುದು ಬಾಕಿ ಇರಲಿಲ್ಲ. ಕಾಯುವುದು ಆತನ ಪಾಳಿಯಾಗಿತ್ತು, ಓ ಅನ್ನುವುದು ತನ್ನದು.

ಪ್ಲಾಟ್‌ಫಾರ್ಮಿನ ತುದಿಗೆ ಹೋಗಿ, ಕತ್ತಲಿಗೆ ಮುಖ ಮಾಡಿ ನಿಂತಳು. ಬಾಯಿಗೆ ಎರಡೂ ಕೈ ಅಡ್ಡ ಹಿಡಿದಳು.

"ಓ..."

ಬಾವಿಯ ದಡದಲ್ಲಿ ಅನ್ನುವ ಓ ಅದು. ತಳ ಮುಟ್ಟುವ ತನಕ ಎಳೆಯಬೇಕು. ಸುರಂಗದೊಳಗೆ ಹೋಯಿತು... ಹೋಗುತ್ತಲೇ ಇತ್ತು. ಪೇಪರು ಓದುತ್ತಿದ್ದವರೆಲ್ಲ ಈ ಕಡೆ ತಿರುಗಿದರು. ಖಾಕಿಯವನು ಓಡಿ ಬಂದ. ಯಾರೂ ಓಗೊಡಲಿಲ್ಲ, ಟಣ್ ಎಂದು ಕೂಡ ಕೇಳಲಿಲ್ಲ. ಉಸಿರು ಇರುವ ತನಕ ಎಳೆದು ಸೀತವ್ವ ನಿಲ್ಲಿಸಿದಳು. ಟೀವಿ ಹಾಡುತ್ತಲೇ ಇತ್ತು.

"ಕೇಳಿರಬೇಕ ಬಿಡು," ಅಂದಳು ಕಮಲಾಬಾಯಿ. ಆಕೆಯ ಕಣ್ಣೂ ಒದ್ದೆಯಾಗಿದ್ದವು. ಅಷ್ಟರಲ್ಲಿ ಒಂದು ರೈಲು ಬಂತು. ಅದರಿಂದ ಇಳಿದ ಮಂದಿಯ ಜೊತೆ ನೂಕುನುಗ್ಗಲಿನಲ್ಲಿ ಇಬ್ಬರೂ ಮೆಟ್ಟಿಲೇರಿ ಹೊರಗೆ ಬಂದರು. ಧರ್ಮಶಾಲೆಗೆ ಹೋಗುವ ದಾರಿಯುದ್ದಕ್ಕೂ ಸೀತವ್ವ ಅತ್ತಳು. ಇಷ್ಟು ದೂರ ಬಂದು ಬರಿಗೈಯಲ್ಲಿ ಹೋಗುತ್ತಿದ್ದೇನೆ ಎಂದು ಅತ್ತಳು.

ಮನೆ ಬಿಟ್ಟ ಹನ್ನೆರಡನೇ ದಿನ ಸತ್ತಿಗೆ ಬಂದು ಮುಟ್ಟಿದಳು. ಕೆಂಚವ್ವ ಹೊಸ್ತಿಲಲ್ಲಿ ಕುಳಿತಿದ್ದಳು. ಸೊಸೆ ಗಂಟು ಇಳಿಸುವ ಮೊದಲೇ ಮಾತು ತೆಗೆದಳು. ಅಳುತ್ತಿರಲಿಲ್ಲ, ಹೆದರಿದ ಹಾಗೂ ಇರಲಿಲ್ಲ.

"ಬಂದಿದ್ದ, ಸೀತವ್ವಾ."

ಯಾರು ಎಂದು ಸೀತವ್ವ ಕೇಳಲಿಲ್ಲ. "ಯಾವತ್ತ?" ಅಂದಳು.

ಅತ್ತೆ ಹೇಳಿದ್ದು ಸೀತವ್ವ ಸುರಂಗದ ಮುಂದೆ ಓ ಅಂದ ಅದೇ ದಿನ. ರಾತ್ರಿ ಎಂಟರ ಸುಮಾರಿಗೆ, ಹಿತ್ತಲ ಬಾಗಿಲಿನ ಆಚೆಯಿಂದ ಯವ್ವಾ ಎಂದು ಕರೆದನಂತೆ.

"ಎಷ್ಟ ಸಲ ಕರದ್ರು, ಅತ್ತಿ?"

"ಒಂದ ಸಲ. ಒಂದಕ್ಕ ಓ ಅಂದ್ನಿ. ಎರಡನೇದ ಕರಿಯಾಕ ಬಿಡಲಿಲ್ಲ ನಾ." ಕೆಂಚವ್ವ ಹಿತ್ತಲ ಕಡೆ ಕೈ ಮಾಡಿದಳು. "ಬಾಗಲಾ ತಗದ್ನಿ. ಒಳಗ ಬಂದ. ಸೊರಗಿದ್ದ. ನಿನ್ನ ಕೇಳಿದ. ನಿನ್ನ ಕರಿಯಾಕ ಕಲ್ಕತ್ತಾಕ್ಕ ಹೋಗ್ಯಾಳಪ್ಪಾ ಅಂದ್ನಿ. ಗೊತ್ತೈತಿ, ಓ ಅಂದದ್ದ ಕೇಳೇನಿ ಅಂದ."

"ಕೇಳಿದ್ರ... ನನ್ನ ಜೋಡಿ ಯಾಕ ಬರಲಿಲ್ಲಂತ?"

"ಬಂದಿದ್ದನಂತ. ನಿನ್ನ ಹಿಂದ ಮೆಟ್ಟಲಾ ಏರಾಕತ್ತಿದ್ದನಂತ. ನಾಕ ವರ್ಷ ಕತ್ತಲಾಗ ನಿಂತ ಕಣ್ಣ ಕಾಣವಲ್ಲವು ಅಂತ ನಿನ್ನ ಸೆರಗಿನ ತುದಿ ಹಿಡಕೊಂಡಿದ್ದನಂತ." ಕೆಂಚವ್ವ ಸೊಸೆಯ ಮುಖ ನೋಡದೆ ಹೇಳಿದಳು. "ಮ್ಯಾಲ ಬೆಳಕಿಗೆ ಬರೂ ಹೊತ್ತಿಗೆ ನೀ ಜಗ್ಗಿ ಬಿಡಿಸ್ಕೊಂಡ್ಯಂತ. ಆ ಮಂದ್ಯಾಗ ನೀ ಯಾ ಕಡೆ ಹೋದಿ ತಿಳೀಲಿಲ್ಲಂತ. ಮನಿ ದಾರಿ ಒಂದ ಗೊತ್ತಿತ್ತು, ಬಂದ."

ಸೀತವ್ವ ಸೆರಗಿನ ತುದಿಯನ್ನು ಕೈಗೆ ತೆಗೆದುಕೊಂಡಳು. ಕಡೆಯ ಮೆಟ್ಟಿಲಲ್ಲಿ ಸೆರಗು ಹಿಂದಕ್ಕೆ ಜಗ್ಗಿದ್ದು ನಿಜವಾಗಿತ್ತು. ಯಾರದೋ ಕಾಲ ಕೆಳಗೆ ಸಿಕ್ಕಿತೆಂದುಕೊಂಡು, ತಿರುಗಿಯೂ ನೋಡದೆ, ಸೆಳೆದು ನಡುವಿಗೆ ಸಿಕ್ಕಿಸಿಕೊಂಡಿದ್ದಳು. ಅದನ್ನು ಕಮಲಾಬಾಯಿಗೂ ಹೇಳಿರಲಿಲ್ಲ. ಹೇಳುವಂಥ ಸಂಗತಿ ಅಂತಲೇ ಆಕೆಗೆ ಅನ್ನಿಸಿರಲಿಲ್ಲ.

"ಈಗ ಎಲ್ಲಿ ಅದಾರ, ಅತ್ತಿ?"

"ರೊಟ್ಟಿ ಬಡದ ತರ್ತೀನಿ ಕುಂದರು ಅಂದ್ನಿ. ಒಲಿ ಹಚ್ಚಿ ಹೊರಗ ಬರೂದರಾಗ ಇದ್ದಿಲ್ಲ. ಸೀತೂನ ದಾರಿ ನೋಡ್ತೀನಿ ಅಂದಿದ್ದ. ಎಲ್ಲಿ ಅಂತ ಹೇಳಲಿಲ್ಲ."

ಅವತ್ತಿನಿಂದ ಸೀತವ್ವ ಬಾವಿಗೆ ಹೋಗುವುದು ನಿಲ್ಲಿಸಿದಳು. ಅಷ್ಟೇ ಅಲ್ಲ, ಸೆರಗನ್ನು ನಡುವಿಗೆ ಸಿಕ್ಕಿಸುವುದನ್ನೂ ನಿಲ್ಲಿಸಿದಳು. ನೀರು ತರುವಾಗ, ಕಬ್ಬು ಸವರುವಾಗ, ದ್ರಾಕ್ಷಿ ಬಳ್ಳಿ ಕಟ್ಟುವಾಗ, ತುದಿಯನ್ನು ಹಿಂದೆ ಇಳಿಬಿಟ್ಟೇ ಇರುತ್ತಿದ್ದಳು. ಮುಳ್ಳಿಗೆ ಸಿಕ್ಕಿದರೂ ಜಗ್ಗುತ್ತಿರಲಿಲ್ಲ. ನಿಂತು, ಕಾದು, ಆಮೇಲೆ ಮೆಲ್ಲಗೆ ನಡೆಯುತ್ತಿದ್ದಳು. ಕಮಲಾಬಾಯಿ ಬೈದಳು, ನಮ್ಮ ಅವ್ವ ಬೈದಳು. ಕೇಳಲಿಲ್ಲ.

ಇನ್ನು ನಾನು ಕಂಡದ್ದು ಹೇಳಿ ಮುಗಿಸುತ್ತೇನೆ. ತೊಂಬತ್ತೆರಡನೇ ಇಸವಿ. ಕೆಂಚವ್ವ ತೀರಿ ಹೋಗಿದ್ದಳು. ನಾನು ಮತ್ತು ಚಿಕ್ಕವ್ವ ಯಡೂರಿನ ವೀರಭದ್ರನಿಗೆ ಕಾಯಿ ಒಡೆಸಿಕೊಂಡು ಬರುತ್ತಿದ್ದೆವು. ಕಡೆಯ ಬಸ್ಸು ದೊಡ್ಡ ರಸ್ತೆಯಲ್ಲಿ ಇಳಿಸಿ ಹೋಯಿತು. ಊರು ಒಂದು ಮೈಲಿ ದೂರ. ಚಿಕ್ಕವ್ವ ಮುಂದೆ, ನಾನು ಬ್ಯಾಟರಿ ಹಿಡಿದು ನಾಲ್ಕು ಹೆಜ್ಜೆ ಹಿಂದೆ. ಬೆಳಕು ಆಕೆಯ ಬೆನ್ನ ಮೇಲೆ ಬಿದ್ದಿತ್ತು. ಮೊದಲು ನನಗೆ ಲಕ್ಷ್ಯ ಹೋಗಲಿಲ್ಲ... ಸೆರಗಿನ ತುದಿ ನೆಲಕ್ಕೆ ತಾಗುತ್ತಿರಲಿಲ್ಲ. ಬೆನ್ನಿಗೂ ಅಂಟಿರಲಿಲ್ಲ. ಆಕೆಯ ಹಿಂದೆ ಒಂದು ಮೊಳ ದೂರದಲ್ಲಿ, ನೆಟ್ಟಗೆ, ಬಿಗಿಯಾಗಿ ನಿಂತು ಆಕೆಯ ಜೊತೆಗೇ ಬರುತ್ತಿತ್ತು. ಚಿಕ್ಕವ್ವ ನಿಧಾನವಾದರೆ ಸ್ವಲ್ಪ ಸಡಿಲಾಗುತ್ತಿತ್ತು. ನಡೆದರೆ ಮತ್ತೆ ಬಿಗಿಯಾಗುತ್ತಿತ್ತು.

ನೀವು ಗಾಳಿ ಅನ್ನುತ್ತೀರಿ, ನನಗೆ ಗೊತ್ತು. ನಾನು ಅಲ್ಲಿದ್ದೆ. ಅವತ್ತು ಗಾಳಿ ಇರಲಿಲ್ಲ, ಎರಡೂ ಕಡೆ ಕಬ್ಬಿನ ಒಂದು ಗರಿಯೂ ಅಲುಗುತ್ತಿರಲಿಲ್ಲ.